ಮೆತ್ತನೆ ಮಣ್ಣಿನ ಬಲ ಲ್ಯಾಬಲ್ಲಿ ಅಳೆಯೋದು ಹೆಂಗೆ: ಟ್ಯೂಬ್ ಇಳಿಸೋದ್ರಿಂದ ರಿಪೋರ್ಟ್ ಬರೆಯೋವರೆಗೂ

ದಾವಣಗೆರೆ ಸುತ್ತಮುತ್ತ ಭದ್ರಾ ಚಾನಲ್ ನೀರು ಕುಡಿದು ಭತ್ತ ಬೆಳೀತಿದ್ದ ಗದ್ದೆಗಳೆಲ್ಲ ಈಗ ಒಂದೊಂದಾಗಿ ಲೇಔಟ್ ಆಗ್ತಾ ಇವೆ. ಬೇಸಿಗೇಲಿ ಅಲ್ಲಿ ಹೋಗಿ ನಿಂತ್ರೆ ನೆಲ ಕಲ್ಲಿನ ಥರ ಇರುತ್ತೆ, ಕೈ ತೂರೋವಷ್ಟು ಬಿರುಕು ಬಿಟ್ಟಿರುತ್ತೆ, ನೋಡಿದವರು "ಏನ್ ಗಟ್ಟಿ ಐತಲ್ಲ ಸಾರ್" ಅಂತಾರೆ. ಆದ್ರೆ ಒಂದೂವರೆ ಎರಡು ಮೀಟರ್ ಕೆಳಗೆ ಹೋಗಿ ನೋಡ್ರಿ, ಹೆಬ್ಬೆರಳು ಸಲೀಸಾಗಿ ಒಳಗೆ ಹೋಗೋ ಮಣ್ಣು ಸಿಗಬಹುದು. ಚನ್ನಗಿರಿ ಕಡೆ ಸೂಳೆಕೆರೆ ಅಂಚಿನ ಹೊಲಗಳಿರಲಿ, ಹಿರಿಯೂರು ಕಡೆ ವಾಣಿವಿಲಾಸ ಸಾಗರದ ಹಿನ್ನೀರಿನ ದಂಡೆ ಇರಲಿ, ಗೋಡು ಕೂತ ಜಾಗ ಅಂದ್ರೆ ಇದೇ ಕಥೆ.

ಈ ಮಣ್ಣಿಗೆ ಎಷ್ಟು ಬಲ ಐತೆ ಅನ್ನೋದನ್ನ ಲ್ಯಾಬಲ್ಲಿ ಹೆಂಗೆ ತೆಗೀಬೇಕು ಅಂತ ಮೊದಲಿಂದ ಕೊನೇವರೆಗೂ ಬರೀತೀನಿ. ಹೊಸದಾಗಿ ಸಾಯಿಲ್ ಲ್ಯಾಬ್ ಸೇರಿದ ಹುಡುಗ್ರು, ಡಿಪ್ಲೊಮಾ ಬಿಇ ಓದ್ತಿರೋರು, ಸೈಟ್ ಇಂಜಿನಿಯರ್ಸ್, ಇವರನ್ನ ಮನಸಲ್ಲಿಟ್ಕೊಂಡು ಬರೆದಿದ್ದು. ಇಷ್ಟು ವರ್ಷ ಮಣ್ಣು ಮುಟ್ಟಿ ನನಗೆ ಗಟ್ಟಿಯಾಗಿ ಅನಿಸಿರೋದು ಒಂದೇ: ಮೆತ್ತನೆ ಮಣ್ಣಿನ ನಂಬರ್ ಕೆಡೋದು ಮಷಿನ್ ಮೇಲಲ್ಲ, ಮಷಿನ್‌ವರೆಗೂ ಬರೋ ದಾರೀಲಿ. ಅದಕ್ಕೇ ಟೆಸ್ಟಿಗಿಂತ ಮುಂಚಿನ ಕೆಲಸಕ್ಕೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದೀನಿ.

ಮೊದಲು, ನಾವು ಅಳೀತಿರೋದು ಏನು

ಜೇಡಿ ಮಣ್ಣಲ್ಲಿ ನೀರು ಬಹಳ ನಿಧಾನಕ್ಕೆ ಹರಿಯುತ್ತೆ. ಮೇಲೆ ಬಿಲ್ಡಿಂಗ್ ಭಾರನೋ ರಸ್ತೆ ಏರಿಯ ಭಾರನೋ ಬೇಗ ಬಿದ್ರೆ ಒಳಗಿನ ನೀರಿಗೆ ಹೊರಗೆ ಹೋಗೋಕೆ ಟೈಮೇ ಸಿಗಲ್ಲ, ಆ ಹೊತ್ತಲ್ಲಿ ಮಣ್ಣು ಎಷ್ಟು ತಡೆಯುತ್ತೋ ಅದೇ ಅನ್‌ಡ್ರೇನ್ಡ್ ಶಿಯರ್ ಸ್ಟ್ರೆಂತ್. ಲ್ಯಾಬಲ್ಲಿ ಎಲ್ಲರೂ ಸಿಯು ಅಂತಾರೆ, ನಾನೂ ಹಂಗೇ ಕರೀತೀನಿ. ಯುಸಿಎಸ್ ಟೆಸ್ಟಲ್ಲಿ, ಅಂದ್ರೆ ಸುತ್ತ ಏನೂ ಹಿಡಿಯದೇ ಮಣ್ಣಿನ ಕಂಬಾನ ಮೇಲಿಂದ ಒತ್ತಿ ಒಡೆಯೋ ಟೆಸ್ಟಲ್ಲಿ, ಬರೋ ಒತ್ತುಬಲದ ಅರ್ಧ ಈ ಸಿಯು. ಆ ಒತ್ತುಬಲ 25 ಕಿಲೋಪಾಸ್ಕಲ್ ಒಳಗಿದ್ರೆ ತೀರಾ ಮೆತ್ತನೆ, 25ರಿಂದ 50 ಇದ್ರೆ ಮೆತ್ತನೆ, 50ರಿಂದ 100 ಮಧ್ಯಮ. ಎಸ್‌ಪಿಟಿ (ಬೋರ್ ಒಳಗೆ ಸ್ಪೂನ್ ಅನ್ನೋ ದಪ್ಪ ಕೊಳವೇನ ಹ್ಯಾಮರಲ್ಲಿ ಹೊಡೆದು, ಒಂದಡಿ ಇಳಿಯೋಕೆ ಎಷ್ಟು ಏಟು ಅಂತ ಎಣಿಸೋ ಟೆಸ್ಟ್) ಲೆಕ್ಕದಲ್ಲಿ ಆ ಏಟಿನ ಎಣಿಕೆ, ಅಂದ್ರೆ ಎನ್ ವ್ಯಾಲ್ಯೂ, 4ರ ಒಳಗಿದ್ರೆ ಈ ಮೆತ್ತನೆ ಗುಂಪು ಅಂತಾರೆ. ಆದ್ರೆ ಎರಡು ಏಟಿಗೆ ಒಂದಡಿ ಇಳಿಯೋ ಮಣ್ಣಲ್ಲಿ ಎನ್ ನೋಡಿ ಸಿಯು ಬರೀಬೇಡ್ರಿ, ಒಂದು ಏಟು ಹೆಚ್ಚು ಕಮ್ಮಿ ಆದ್ರೆ ಉತ್ತರ ಡಬಲ್ ಆಗುತ್ತೆ. ಇಂಥ ಮಣ್ಣಿಗೆ ಕೆಡದೇ ಇರೋ ಸ್ಯಾಂಪಲ್ ತೆಗೆದು ಲ್ಯಾಬಿಗೆ ತರಲೇಬೇಕು.

ಹೆಜ್ಜೆ 1: ಟ್ಯೂಬ್ ಇಳಿಸೋದು

ಮೆತ್ತನೆ ಮಣ್ಣಿಗೆ ತೆಳು ಗೋಡೆಯ ಶೆಲ್ಬಿ ಟ್ಯೂಬೇ ಬೇಕು. ಟ್ಯೂಬ್ ಸರಿ ಇದೆಯಾ ಅಂತ ನೋಡೋಕೆ ಏರಿಯಾ ರೇಶಿಯೋ ಹಾಕ್ರಿ: ಹೊರಗಿನ ವ್ಯಾಸದ ವರ್ಗದಲ್ಲಿ ಒಳಗಿನ ವ್ಯಾಸದ ವರ್ಗ ಕಳೆದು, ಒಳಗಿನದರ ವರ್ಗದಿಂದ ಭಾಗಿಸಿ, 100ರಿಂದ ಗುಣಿಸ್ರಿ. 10 ಪರ್ಸೆಂಟ್ ಒಳಗಿರಬೇಕು. ಹೊರಗೆ 76.2 ಮಿಮೀ, ಒಳಗೆ 72.9 ಮಿಮೀ ಇರೋ ಮೂರಿಂಚಿನ ಟ್ಯೂಬಿಗೆ ಸುಮಾರು 9.3 ಬರುತ್ತೆ, ಓಕೆ. ಅದೇ ಎಸ್‌ಪಿಟಿ ಸ್ಪೂನಿಗೆ ಹಾಕಿ ನೋಡ್ರಿ, ಹೊರಗೆ 50.8, ಒಳಗೆ 35, ಬರೋದು 110 ಪರ್ಸೆಂಟ್ ಮೇಲೆ! ಅಂದ್ರೆ ಒಳಗೆ ಬಂದ ಮಣ್ಣಿಗಿಂತ ಪಕ್ಕಕ್ಕೆ ತಳ್ಳಿದ ಜಾಗನೇ ಜಾಸ್ತಿ. ಸ್ಪೂನಲ್ಲಿ ಬಂದಿದ್ದನ್ನ ತೇವಾಂಶ, ಲಿಮಿಟ್ಸ್‌ಗೆ (ಹೆಜ್ಜೆ 4ರಲ್ಲಿ ಬರುತ್ತೆ) ಇಟ್ಕೊಳ್ರಿ, ಬಲದ ಟೆಸ್ಟಿಗೆ ಅದು ಬೇಡ.

ಬೋರ್ ತಳ ಕ್ಲೀನ್ ಮಾಡಿ, ಬೋರಲ್ಲಿ ನೀರಿನ ಮಟ್ಟ ಇಳಿಯೋಕೆ ಬಿಡಬೇಡ್ರಿ, ಇಳಿದ್ರೆ ತಳದ ಮಣ್ಣು ಮೇಲಕ್ಕೆ ಉಬ್ಬಿ ಟ್ಯೂಬ್ ಇಳಿಸೋಕ್ ಮುಂಚೇನೇ ಕೆಟ್ಟಿರುತ್ತೆ. ಟ್ಯೂಬನ್ನ ಒಂದೇ ಸಮ ಒತ್ತಬೇಕು, ಹ್ಯಾಮರ್ ಹೊಡೀಬಾರದು. ಒತ್ತಿ ಆದಮೇಲೆ ಒಂದು ಹತ್ತು ನಿಮಿಷ ಸುಮ್ಮನೆ ಬಿಡ್ರಿ, ಮಣ್ಣು ಟ್ಯೂಬಿನ ಗೋಡೆಗೆ ಕಚ್ಕೊಳ್ಳುತ್ತೆ, ಆಮೇಲೆ ಒಂದೆರಡು ಸುತ್ತು ತಿರುಗಿಸಿ ತಳ ಬಿಡಿಸ್ಕೊಂಡು ನಿಧಾನಕ್ಕೆ ಎತ್ರಿ. ರಿಗ್ ಹುಡುಗ್ರಿಗೆ ಇನ್ನೊಂದು ಪಾಯಿಂಟ್ ಮುಗಿಸೋ ಅವಸರ ಇರುತ್ತೆ, "ಸಾರ್ ಟೈಮಾಯ್ತು" ಅಂತಾನೇ ಇರ್ತಾರೆ. ಆ ಹತ್ತು ನಿಮಿಷ ನೀವೇ ಪಕ್ಕದಲ್ಲಿ ನಿಂತ್ಕೊಳ್ರಿ.

ಹೆಜ್ಜೆ 2: ಮೇಣ, ಲೇಬಲ್, ಸಾಗಣೆ

ಎರಡೂ ತುದೀಲಿ ಕೆಸರಾಗಿರೋ ಮಣ್ಣು ಕೆರೆದು ತೆಗೆದು, ಕರಗಿಸಿದ ಮೇಣ ತೆಳ್ಳಗೆ ಎರಡು ಮೂರು ಪದರ ಹಾಕ್ರಿ. ಒಂದೇ ಸಲ ದಪ್ಪಕ್ಕೆ ಸುರಿದ್ರೆ ಆರಿದಾಗ ಅಂಚಲ್ಲಿ ಬಿಟ್ಕೊಳ್ಳುತ್ತೆ, ಅಲ್ಲಿಂದ್ಲೇ ತೇವ ಹೋಗೋದು. ಆಮೇಲೆ ಕ್ಯಾಪ್ ಹಾಕಿ ಟೇಪ್ ಸುತ್ತಿ ಬೋರ್ ನಂಬರು, ಆಳ, ತಾರೀಖು, "ಮೇಲೆ" ಅಂತ ಬಾಣದ ಗುರುತು, ಎಲ್ಲಾನೂ ಟ್ಯೂಬಿನ ಮೈ ಮೇಲೆ ಬರೀರಿ, ಕ್ಯಾಪ್ ಮೇಲೆ ಬರೀಬೇಡ್ರಿ, ಕ್ಯಾಪ್ ಅದಲು ಬದಲಾಗುತ್ತೆ.

ತರೋವಾಗ ಟ್ಯೂಬ್ ನಿಂತ ಹಂಗೇ ಬರಬೇಕು. ನಮ್ಮೂರಲ್ಲಿ ಇದಕ್ಕೆ ಬಹಳ ಅನುಕೂಲ ಇದೆ, ರೈಸ್ ಮಿಲ್ಲಲ್ಲಿ ಭತ್ತದ ಹೊಟ್ಟು ಮೂಟೆಗಟ್ಲೆ ಸಿಗುತ್ತೆ. ಮರದ ಪೆಟ್ಟಿಗೇಲಿ ಹೊಟ್ಟು ತುಂಬಿ ಮಧ್ಯೆ ಟ್ಯೂಬ್ ನಿಲ್ಲಿಸಿ ತಂದ್ರೆ ರೋಡ್ ಹಂಪಿನ ಏಟು ಮಣ್ಣಿಗೆ ತಗಲಲ್ಲ, ಬಿಸಿಲೂ ನೇರ ಬೀಳಲ್ಲ.

ಇದು ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಏಪ್ರಿಲ್ ತಿಂಗಳು, ಕೆರೆ ಅಂಚಿನ ಒಂದು ಸೇತುವೆ ಕೆಲಸದ ಟ್ಯೂಬುಗಳು ಎರಡು ದಿನ ಜೀಪಿನ ಕ್ಯಾರಿಯರ್ ಮೇಲೇ ಉಳ್ಕೊಂಡಿದ್ವು. ಬಿಚ್ಚಿ ನೋಡಿದ್ರೆ ಮೇಲಿನ ತುದಿ ಮೇಣ ಮೆತ್ತಗಾಗಿ ಒಂದು ಕಡೆ ಸರಿದಿತ್ತು, ಆ ತುದೀಲಿ ಮಣ್ಣು ಟ್ಯೂಬಿನ ಗೋಡೆಯಿಂದ ಒಂದು ಉಗುರಿನ ಸಂದಿಯಷ್ಟು ಬಿಟ್ಕೊಂಡು, ಅಂಚಿನ ಬಣ್ಣ ಬೂದಿಗೆ ತಿರುಗಿತ್ತು. ಮಧ್ಯದಲ್ಲಿ ಮಾತ್ರ ಮಣ್ಣು ಹಂಗೇ ಕಪ್ಪಗೆ ಮಿಣಮಿಣ ಅಂತಿತ್ತು. ತುದಿಯ ತುಂಡು ಟೆಸ್ಟ್ ಮಾಡಿದ್ದಕ್ಕೆ ಬಲ ಮಧ್ಯದ ತುಂಡಿಗಿಂತ ಸುಮಾರು ಎರಡರಷ್ಟು ಬಂತು. ಎರಡೂ ಕಡೆ ತೇವಾಂಶ ನೋಡದೇ ಇದ್ದಿದ್ರೆ ಆ ದೊಡ್ಡ ನಂಬರೇ ರಿಪೋರ್ಟಲ್ಲಿ ಹೋಗ್ತಿತ್ತು. ಇವತ್ತಿಗೂ ಟ್ಯೂಬ್ ಬಿಚ್ಚೋವಾಗ ಮೊದಲು ಅಂಚಿನ ಬಣ್ಣಾನೇ ನೋಡ್ತೀನಿ.

ಇಲ್ಲೊಂದು ಸೂಕ್ಷ್ಮ ಇದೆ. ಮಣ್ಣು ಅಲುಗಾಡಿ ಕೆಟ್ರೆ ಬಲ ಕಮ್ಮಿ ತೋರಿಸುತ್ತೆ, ಒಣಗಿದ್ರೆ ಜಾಸ್ತಿ ತೋರಿಸುತ್ತೆ. ಎರಡೂ ಒಟ್ಟಿಗೆ ಆದ್ರೆ ಒಂದನ್ನೊಂದು ಮುಚ್ಚಿ ನೋಡೋಕೆ ಸರಿಯಾಗೇ ಇರೋ ಒಂದು ನಂಬರ್ ಬರುತ್ತೆ. ಇದು ಅತ್ಯಂತ ಅಪಾಯದ್ದು, ಯಾಕಂದ್ರೆ ಯಾರಿಗೂ ಅನುಮಾನ ಬರಲ್ಲ.

ಹೆಜ್ಜೆ 3: ಬಿಚ್ಚೋದು

ಟ್ಯೂಬ್ ಒಳಗೆ ಮಣ್ಣು ಯಾವ ದಿಕ್ಕಲ್ಲಿ ಹೋಯ್ತೋ ಅದೇ ದಿಕ್ಕಲ್ಲಿ ಹೊರಗೆ ಬರಬೇಕು. ಅಂದ್ರೆ ಎಕ್ಸ್‌ಟ್ರೂಡರ್ ತಳದಿಂದ ತಳ್ಳಬೇಕು, ಮಣ್ಣು ಮೇಲಿನ ತುದಿಯಿಂದ ಆಚೆ ಬರಬೇಕು. ತೀರಾ ಮೆತ್ತನೆ ಇದ್ರೆ ಇಡೀ ಉದ್ದ ಒಂದೇ ಸಲ ತಳ್ಳಬೇಡ್ರಿ, ಟ್ಯೂಬನ್ನೇ 15 ಸೆಂಮೀ ತುಂಡು ಮಾಡಿ ಒಂದೊಂದೇ ಬಿಡಿಸ್ರಿ. ಎರಡೂ ತುದಿಯ ಐದಾರು ಸೆಂಮೀ ಬಲದ ಟೆಸ್ಟಿಗೆ ಬೇಡ.

ಒಂದು ತುಂಡನ್ನ ಕೈಯಲ್ಲಿ ಉದ್ದಕ್ಕೆ ಸೀಳಿ ಒಳಗೆ ನೋಡ್ರಿ. ನಮ್ಮ ಎರೆ ಮಣ್ಣಲ್ಲಿ ಎರಡು ವಿಷಯ ಯಾವಾಗಲೂ ಹುಡುಕಬೇಕು. ಒಂದು ಸುಣ್ಣದ ಹರಳು, ಜೋಳದ ಕಾಳಷ್ಟೇ ಇದ್ರೂ 38 ಮಿಮೀ ಸ್ಪೆಸಿಮನ್ನಿಗೆ ಅದು ದೊಡ್ಡ ಕಲ್ಲೇ. ಇನ್ನೊಂದು ನುಣ್ಣಗೆ ಹೊಳೆಯೋ ಓರೆ ಮುಖಗಳು. ಎರೆ ಮಣ್ಣು ವರ್ಷಾ ವರ್ಷಾ ಉಬ್ಬಿ ಕುಗ್ಗಿ ಒಳಗೊಳಗೇ ಜಾರಿ ಉಜ್ಜಿ ಆಗಿರೋ ಪಾಲಿಶ್ ಅದು, ಸ್ಲಿಕೆನ್‌ಸೈಡ್ ಅಂತಾರೆ. ಅಂಥ ಮುಖ ಸ್ಪೆಸಿಮನ್ ಒಳಗೆ ಓರೆಯಾಗಿ ಕೂತಿದ್ರೆ ಯುಸಿಎಸ್‌ನಲ್ಲಿ ಅದು ಅಲ್ಲೇ ಜಾರಿ ಬಲ ತೀರಾ ಕಮ್ಮಿ ಬರುತ್ತೆ. ಸೀಳಿದ ಮುಖದ ಫೋಟೋ ತೆಗೆದಿಡ್ರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು.

ಹೆಜ್ಜೆ 4: ತೇವಾಂಶ ಮತ್ತು ಲಿಮಿಟ್ಸ್

ಇದನ್ನ ಬಹಳ ಜನ ಹುಡುಗ್ರು ಕಾಟಾಚಾರಕ್ಕೆ ಮಾಡ್ತಾರೆ, ನನ್ನ ಪ್ರಕಾರ ಮೆತ್ತನೆ ಮಣ್ಣಲ್ಲಿ ಅತೀ ಹೆಚ್ಚು ಹೇಳೋ ಟೆಸ್ಟ್ ಇದೇ. ಟ್ಯೂಬಿನ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ತೇವಾಂಶಕ್ಕೆ ತಗೊಂಡು 105ರಿಂದ 110 ಡಿಗ್ರೀಲಿ 24 ಗಂಟೆ ಓವನಲ್ಲಿಡ್ರಿ. ಮೂರರಲ್ಲಿ ತುದಿ ಮಾತ್ರ ಕಮ್ಮಿ ಇದ್ರೆ ಒಣಗಿದೆ ಅಂತ ಅರ್ಥ.

ಲಿಮಿಟ್ಸಿಗೆ ಓವನ್ನಲ್ಲಿ ಒಣಗಿಸಿದ ಮಣ್ಣು ತಗೋಬಾರದು. 425 ಮೈಕ್ರಾನ್ ಜರಡಿ ಹಿಡಿದ ಮಣ್ಣಿಗೆ ನೀರು ಕಲಸಿ ಮುಚ್ಚಿ ರಾತ್ರಿಯಿಡೀ ಬಿಡ್ರಿ, ಎರೆ ಮಣ್ಣಿಗೆ ನೀರು ಒಳಗೆ ಇಳಿಯೋಕೆ ಅಷ್ಟು ಹೊತ್ತು ಬೇಕೇ ಬೇಕು. ಲಿಕ್ವಿಡ್ ಲಿಮಿಟ್ ಅಂದ್ರೆ ಕಸಗ್ರಾಂಡೆ ಬಟ್ಟಲಲ್ಲಿ ಮಣ್ಣಿಗೆ ಎಳೆದ ಸೀಳು 25 ಏಟಿಗೆ ಮುಚ್ಕೊಳ್ಳೋ ತೇವಾಂಶ. ಪ್ಲಾಸ್ಟಿಕ್ ಲಿಮಿಟಿಗೆ ಗಾಜಿನ ಮೇಲೆ ಶಾವಿಗೆ ಹೊಸೆದಂಗೆ ಹೊಸೀರಿ, 3 ಮಿಮೀ ದಪ್ಪಕ್ಕೆ ಬಂದಾಗ ಬಿರಿಯೋಕೆ ಶುರುವಾದ್ರೆ ಅದೇ ತೇವಾಂಶ.

ಲೆಕ್ಕಕ್ಕೆ ಒಂದು ಸ್ಯಾಂಪಲ್ ಹಿಡ್ಕೊಳ್ಳೋಣ, ಕೊನೇವರೆಗೂ ಇದೇ ಇರಲಿ. 3 ಮೀಟರ್ ಆಳ, ನೀರು ನೆಲಮಟ್ಟದಲ್ಲೇ ಇದೆ, ಲಿಕ್ವಿಡ್ ಲಿಮಿಟ್ 64, ಪ್ಲಾಸ್ಟಿಕ್ ಲಿಮಿಟ್ 26, ಹಂಗಾಗಿ ಎರಡರ ವ್ಯತ್ಯಾಸ, ಪ್ಲಾಸ್ಟಿಸಿಟಿ ಇಂಡೆಕ್ಸ್, 38, ಸಹಜ ತೇವಾಂಶ 45. ಲಿಕ್ವಿಡಿಟಿ ಇಂಡೆಕ್ಸ್ ಅಂದ್ರೆ 45ರಲ್ಲಿ 26 ಕಳೆದು 38ರಿಂದ ಭಾಗಿಸೋದು, 0.5. ರಾಥ್ ಮತ್ತು ವುಡ್ 1978ರಲ್ಲಿ ಕೊಟ್ಟ ಸೂತ್ರ ಒಂದಿದೆ: ಲಿಕ್ವಿಡಿಟಿ ಇಂಡೆಕ್ಸನ್ನ ಮೈನಸ್ 4.6ರಿಂದ ಗುಣಿಸಿ, ಅದರ ಎಕ್ಸ್‌ಪೊನೆನ್ಶಿಯಲ್ ತೆಗೆದು, 170ರಿಂದ ಗುಣಿಸಿದ್ರೆ ನಾದಿದ ಮಣ್ಣಿನ ಸಿಯು ಕಿಲೋಪಾಸ್ಕಲಲ್ಲಿ ಬರುತ್ತೆ. ಲಿಕ್ವಿಡ್ ಲಿಮಿಟಲ್ಲಿ ಸುಮಾರು 1.7, ಪ್ಲಾಸ್ಟಿಕ್ ಲಿಮಿಟಲ್ಲಿ 170. ನಮ್ಮ 0.5ಕ್ಕೆ 17.

ಈಗ ಇದೇ ಮಣ್ಣು ದಾರೀಲಿ ಒಣಗಿ ತೇವಾಂಶ 45ರಿಂದ 41ಕ್ಕೆ ಇಳೀತು ಅಂತ ಇಟ್ಕೊಳ್ರಿ. ಸೂತ್ರ ಹಾಕಿದ್ರೆ 17 ಇದ್ದದ್ದು 28ರ ಹತ್ರ ಹೋಗುತ್ತೆ. ಬರೀ ನಾಕು ಪಾಯಿಂಟ್ ತೇವ ಹೋಗಿದ್ದಕ್ಕೆ ಬಲ ಒಂದೂವರೆ ಪಟ್ಟು ಮೇಲೆ! ಮೇಣ, ಹೊಟ್ಟು, ನೆರಳು ಅಂತ ಮೇಲೆ ಅಷ್ಟು ಉದ್ದಕ್ಕೆ ಬರೆದಿದ್ದು ಈ ಒಂದು ಲೆಕ್ಕಕ್ಕೋಸ್ಕರ.

ಹೆಜ್ಜೆ 5: ಲ್ಯಾಬ್ ವೇನ್

ತೀರಾ ಮೆತ್ತನೆ ಮಣ್ಣು, ನಿಲ್ಲಿಸಿದ್ರೆ ತನ್ನ ಭಾರಕ್ಕೇ ಕುಸಿಯೋ ಅಂಥದ್ದಕ್ಕೆ ಇದೇ ಸರಿ, ಸ್ಪೆಸಿಮನ್ ಕೊರೆಯೋ ಗೋಜೇ ಇಲ್ಲ, ಟ್ಯೂಬ್ ತುಂಡಲ್ಲಿ ಇದ್ದಂಗೇ ಮಾಡಬಹುದು. ಮಣ್ಣಿನ ಟೆಸ್ಟುಗಳ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 2720, ಅದರ ಭಾಗ 30ರಲ್ಲಿದೆ. ವೇನ್ ಅಂದ್ರೆ ಕಡ್ಡಿ ತುದೀಲಿರೋ 12 ಮಿಮೀ ಅಗಲ, 24 ಮಿಮೀ ಎತ್ತರದ ನಾಕು ರೆಕ್ಕೆ. ಮಣ್ಣಲ್ಲಿ ಪೂರ್ತಿ ಮುಳುಗೋ ಹಂಗೆ ನೇರ ಇಳಿಸಿ, ಸೆಕೆಂಡಿಗೆ 0.1 ಡಿಗ್ರಿಯಂತೆ ತಿರುಗಿಸ್ರಿ. ಈ ಅಳತೆಗೆ ಟಾರ್ಕನ್ನ ಕೆಜಿ-ಸೆಂಮೀಯಲ್ಲಿ ಇಟ್ಕೊಂಡು 6.33ರಿಂದ ಭಾಗಿಸಿದ್ರೆ ಸಿಯು ಕೆಜಿ ಪರ್ ಚದರ ಸೆಂಮೀಯಲ್ಲಿ ಸಿಗುತ್ತೆ, 98.1ರಿಂದ ಗುಣಿಸಿದ್ರೆ ಕಿಲೋಪಾಸ್ಕಲ್. ನಮ್ಮ ಸ್ಯಾಂಪಲಲ್ಲಿ ಟಾರ್ಕ್ 1.6 ಬಂತು ಅಂದ್ರೆ 24.8 ಕಿಲೋಪಾಸ್ಕಲ್.

ಅಷ್ಟಕ್ಕೇ ನಿಲ್ಲಿಸಬೇಡ್ರಿ. ವೇನನ್ನ ಬೇಗ ಬೇಗ ಹತ್ತಾರು ಸುತ್ತು ತಿರುಗಿಸಿ ಮಣ್ಣು ನಾದಿ, ಮತ್ತೆ ಅದೇ ನಿಧಾನ ವೇಗದಲ್ಲಿ ಓದ್ರಿ. 1.1 ಬಂದ್ರೆ 17 ಕಿಲೋಪಾಸ್ಕಲ್. ಮೇಲೆ ತೇವಾಂಶದಿಂದ ತೆಗೆದ 17ಕ್ಕೆ ಹೊಂದ್ತಾ ಇದೆ ಅಂದ್ರೆ ತೇವಾಂಶ, ಲಿಮಿಟ್ಸ್, ವೇನ್ ಸ್ಪ್ರಿಂಗ್ ಮೂರೂ ಸರಿ ಇವೆ ಅಂತ ಧೈರ್ಯ ಬರುತ್ತೆ. 24.8 ಭಾಗಿಸು 17 ಅಂದ್ರೆ ಸೆನ್ಸಿಟಿವಿಟಿ (ನಾದಿದ್ರೆ ಬಲ ಎಷ್ಟು ಪಟ್ಟು ಇಳಿಯುತ್ತೆ ಅನ್ನೋದು) ಸುಮಾರು 1.5, ಕಮ್ಮೀನೇ.

ಹೆಜ್ಜೆ 6: ಯುಸಿಎಸ್

ಐಎಸ್ 2720 ಭಾಗ 10. 38 ಮಿಮೀ ವ್ಯಾಸ, 76 ಮಿಮೀ ಉದ್ದ. ದೊಡ್ಡ ಟ್ಯೂಬಿನ ಮಧ್ಯದಿಂದ ವೈರ್ ಗರಗಸದಲ್ಲಿ ಕೊರೆದು ತೆಗೀರಿ, ಬೆರಳಲ್ಲಿ ಒತ್ತಿ ಹಿಡಿದು ಗುಂಡು ಮಾಡೋಕೆ ಹೋಗಬೇಡ್ರಿ. ತುದಿ ಎರಡೂ ಸಮ ಇರಬೇಕು, ಒಂದು ಕಡೆ ಓರೆ ಇದ್ರೆ ಮೊದಲು ಆ ಮೂಲೆನೇ ಜಜ್ಜುತ್ತೆ.

ತೂಕ ಮಾಡ್ರಿ. ವಿಸ್ತೀರ್ಣ 11.34 ಚದರ ಸೆಂಮೀ, ಗಾತ್ರ 86.2 ಘನ ಸೆಂಮೀ, ತೂಕ 150 ಗ್ರಾಂ ಬಂದ್ರೆ ಸಾಂದ್ರತೆ 1.74. ತೇವಾಂಶ 45 ಇರೋದ್ರಿಂದ ಒಣ ಸಾಂದ್ರತೆ 1.20. ಸ್ಪೆಸಿಫಿಕ್ ಗ್ರಾವಿಟಿ 2.70 ಅಂತ ಹಿಡಿದ್ರೆ ವಾಯ್ಡ್ ರೇಶಿಯೋ (ಕಣಗಳ ಗಾತ್ರಕ್ಕೆ ಸಂದಿಗಳ ಗಾತ್ರ ಎಷ್ಟು ಪಟ್ಟು) 1.25, ಸ್ಯಾಚುರೇಶನ್ (ಸಂದೀಲಿ ನೀರು ತುಂಬಿರೋ ಪಾಲು) 97 ಪರ್ಸೆಂಟ್. ಈ ಲೆಕ್ಕ ಬಿಡಬೇಡ್ರಿ. 85 ಬಂದ್ರೆ ಒಂದೋ ಮಣ್ಣು ಒಣಗಿದೆ, ಇಲ್ಲಾ ಒಳಗೆ ಪೊಳ್ಳಿದೆ. 105 ಬಂದ್ರೆ ಅಳತೇಲಿ ಎಲ್ಲೋ ತಪ್ಪಿದೆ.

ಲೋಡ್ ಅಳೆಯೋ ಪ್ರೂವಿಂಗ್ ರಿಂಗ್ ವಿಚಾರ. ಬಹಳ ಕಡೆ ಮಷಿನ್ನಿಗೆ 1000 ಕೆಜಿ ರಿಂಗ್ ಖಾಯಂ ಕೂರಿಸಿಬಿಟ್ಟಿರ್ತಾರೆ. ನಮ್ಮ ಈ ಮಣ್ಣು ಒಡೆಯೋದೇ 6 ಕೆಜಿಗೆ! ಅಷ್ಟು ದೊಡ್ಡ ರಿಂಗಲ್ಲಿ ಮುಳ್ಳು ಮೂರು ನಾಕು ಗೆರೆ ಅಲುಗಾಡಿದ್ರೆ ಹೆಚ್ಚು, ಅದರಲ್ಲಿ ಏನು ಓದ್ತೀರಿ. 50 ಕೆಜಿ ರಿಂಗ್ ಹಾಕ್ರಿ. ಸ್ಪೆಸಿಮನ್ ಮೇಲಿಡೋ ಲೋಹದ ಕ್ಯಾಪ್ 200 ಗ್ರಾಂ ಇದ್ರೆ ಅದೂ ಮೂರು ಪರ್ಸೆಂಟ್, ಲೆಕ್ಕಕ್ಕೆ ಸೇರಿಸ್ಕೊಳ್ರಿ.

ವೇಗ ನಿಮಿಷಕ್ಕೆ ಅರ್ಧದಿಂದ 2 ಪರ್ಸೆಂಟ್ ಸ್ಟ್ರೇನ್, ನಿಮಿಷಕ್ಕೆ 1.25 ಮಿಮೀ ಇಟ್ರೆ ಸರಿ ಹೋಗುತ್ತೆ. ಬೇಗ ಒತ್ತಿದ್ರೆ ಬಲ ಜಾಸ್ತಿ ಕಾಣುತ್ತೆ, ವೇಗ ಹತ್ತು ಪಟ್ಟಾದ್ರೆ ಬಲ ಸುಮಾರು ಹತ್ತು ಪರ್ಸೆಂಟ್ ಏರುತ್ತೆ ಅನ್ನೋದು ಜೇಡಿ ಮಣ್ಣಲ್ಲಿ ಕಂಡುಬಂದಿರೋ ವಿಚಾರ. ಲೋಡ್ ಇಳಿಯೋಕೆ ಶುರುವಾಗೋವರೆಗೆ, ಇಲ್ಲಾ 20 ಪರ್ಸೆಂಟ್ ಸ್ಟ್ರೇನ್‌ವರೆಗೆ ಓದ್ತಾ ಹೋಗ್ರಿ. ಮೆತ್ತನೆ ಮಣ್ಣು ಸಾಮಾನ್ಯವಾಗಿ ಸೀಳಲ್ಲ, ಮಧ್ಯ ಹೊಟ್ಟೆ ಬಿಟ್ಟು ಗುಡಾಣದ ಥರ ಆಗುತ್ತೆ, ಆಗ 20ಕ್ಕೆ ಬಂದಿದ್ದನ್ನೇ ತಗೊಳ್ಳೋದು.

ಹೊಟ್ಟೆ ಬಿಟ್ಟಂಗೆ ವಿಸ್ತೀರ್ಣ ಹಿಗ್ಗುತ್ತಲ್ಲ, ಅದಕ್ಕೆ ಕರೆಕ್ಷನ್ ಬೇಕು. 9.12 ಮಿಮೀ ಕುಗ್ಗಿದಾಗ ಸ್ಟ್ರೇನ್ 12 ಪರ್ಸೆಂಟ್, ವಿಸ್ತೀರ್ಣ 11.34 ಭಾಗಿಸು 0.88, ಅಂದ್ರೆ 12.89. ಲೋಡ್ 6.2 ಕೆಜಿ. ಭಾಗಿಸಿದ್ರೆ 0.481, ಕಿಲೋಪಾಸ್ಕಲಲ್ಲಿ 47.2, ಸಿಯು ಅದರರ್ಧ 23.6. ಕರೆಕ್ಷನ್ ಮರೆತಿದ್ರೆ ಸಿಯು 26.8 ಆಗ್ತಿತ್ತು.

ಹೆಜ್ಜೆ 7: ಯುಯು ಟ್ರಯಾಕ್ಸಿಯಲ್

ಬಿರುಕು, ಹೊಳೆಯೋ ಮುಖ ಇರೋ ಮಣ್ಣಿಗೆ ಯುಸಿಎಸ್ ನಂಬೋಕಾಗಲ್ಲ, ಸುತ್ತ ಹಿಡ್ಕೊಳ್ಳೋ ಒತ್ತಡ ಇಲ್ಲದೇ ಅದು ಬಾಯಿ ಬಿಡುತ್ತೆ. ಅಲ್ಲಿ ಐಎಸ್ 2720 ಭಾಗ 11ರ ಯುಯು ಮಾಡ್ರಿ, ಸುತ್ತಲೂ ಒತ್ತಡ (ಸೆಲ್ ಪ್ರೆಶರ್) ಕೊಟ್ಟು, ಮಣ್ಣಿನ ನೀರು ಹೊರಗೆ ಬಿಡದೇ ಮೇಲಿಂದ ಒತ್ತೋ ಟೆಸ್ಟ್. ಒಂದೇ ಆಳದ ಮೂರು ಸ್ಪೆಸಿಮನ್, ರಬ್ಬರ್ ಮೆಂಬ್ರೇನ್ ಹಾಕಿ, ಮೂರು ಬೇರೆ ಬೇರೆ ಸೆಲ್ ಪ್ರೆಶರ್. ನೆಲದಲ್ಲಿ ಆ ಆಳಕ್ಕೆ ಇರೋ ಒಟ್ಟು ಭಾರದ ಆಸುಪಾಸಿಂದ ಶುರು ಮಾಡ್ರಿ, ನಮ್ಮ ಸ್ಯಾಂಪಲಿಗೆ 3 ಮೀಟರಲ್ಲಿ ಸುಮಾರು 51 ಕಿಲೋಪಾಸ್ಕಲ್, ಹಂಗಾಗಿ ಚದರ ಸೆಂಮೀಗೆ 0.5, 1.0, 1.5 ಕೆಜಿ ಸಾಕು.

ಪೂರ್ತಿ ನೀರು ತುಂಬಿರೋ ಮಣ್ಣಲ್ಲಿ ಸೆಲ್ ಪ್ರೆಶರ್ ಏರಿಸಿದ್ರೆ ಆ ಭಾರ ಎಲ್ಲಾ ಒಳಗಿನ ನೀರೇ ಹೊತ್ಕೊಳ್ಳುತ್ತೆ, ಮೂರರಲ್ಲೂ ಬಲ ಒಂದೇ ಬರಬೇಕು, ಆ ಒತ್ತಡಗಳಿಂದ ಬರೆಯೋ ಮೋರ್ ವೃತ್ತಗಳು ಮೂರೂ ಒಂದೇ ಅಳತೆ, ಅವನ್ನ ಮುಟ್ಟೋ ಗೆರೆ ಅಡ್ಡಡ್ಡ. ಗೆರೆ ಮೇಲಕ್ಕೆ ಏರಿ ಫೈ (ಆ ಗೆರೆಯ ಓರೆ, ಘರ್ಷಣೆಯ ಕೋನ) 8 ಡಿಗ್ರಿ 10 ಡಿಗ್ರಿ ಅಂತ ಬಂದ್ರೆ ಮಣ್ಣಲ್ಲಿ ಗಾಳಿ ಇದೆ, ಇಲ್ಲಾ ಮೂರು ಸ್ಪೆಸಿಮನ್ ಒಂದೇ ಥರದವಲ್ಲ. ಆ ಫೈಯನ್ನ ಬೇರಿಂಗ್ ಕೆಪಾಸಿಟಿ ಸೂತ್ರಕ್ಕೆ ಹಾಕಿ ಲಾಭ ತಗೊಳ್ಳೋದು ತಪ್ಪು, ಮಳೆಗಾಲದಲ್ಲಿ ಆ ಗಾಳಿ ಇರಲ್ಲ. ಮೆಂಬ್ರೇನ್ ರಬ್ಬರೂ ಒಂದಿಷ್ಟು ಒತ್ತಡ ತಡೆಯುತ್ತೆ, ಗಟ್ಟಿ ಮಣ್ಣಲ್ಲಿ ಅದು ಲೆಕ್ಕಕ್ಕಿಲ್ಲ, ಮೆತ್ತನೆ ಮಣ್ಣಲ್ಲಿ ಕಳೀಲೇಬೇಕು.

ಏರಿ, ಒಡ್ಡು ಥರ ಹಂತ ಹಂತವಾಗಿ ಭಾರ ಹಾಕೋ ಕೆಲಸ ಇದ್ರೆ ಭಾಗ 12ರ ಸಿಯು ಟ್ರಯಾಕ್ಸಿಯಲ್, ನೀರಿನ ಒತ್ತಡ ಅಳೆಯೋದು, ಬೇಕಾಗುತ್ತೆ. ಈ ಹೆಸರಿನ ಸಿಯು (ಕನ್ಸಾಲಿಡೇಟೆಡ್ ಅನ್‌ಡ್ರೇನ್ಡ್) ಬೇರೆ, ಮೇಲಿಂದ ಹೇಳ್ತಿರೋ ಸಿಯು ಬೇರೆ, ಗೊಂದಲ ಮಾಡ್ಕೋಬೇಡ್ರಿ. ಅದು ದಿನಗಟ್ಲೆ ಹಿಡಿಯೋ ಟೆಸ್ಟ್, ಅದಕ್ಕೇ ಒಂದು ಬರಹ ಬೇಕು.

ಹೆಜ್ಜೆ 8: ನಂಬರುಗಳನ್ನ ಎದುರು ಬದುರು ಕೂರಿಸೋದು

ಈಗ ವೇನ್ 24.8, ಯುಸಿಎಸ್ 23.6. ಇದು ನೆಲದ ಇತಿಹಾಸಕ್ಕೆ ಹೊಂದುತ್ತಾ ನೋಡಬೇಕು. ಸ್ಕೆಂಪ್ಟನ್ 1957ರಲ್ಲಿ ಹೇಳಿದ್ದು: ಹಿಂದೆ ಯಾವ ಹೆಚ್ಚಿನ ಭಾರಾನೂ ಕಾಣದ ಜೇಡಿಗೆ ಸಿಯು ಭಾಗಿಸು ಎಫೆಕ್ಟಿವ್ ಭಾರ (ಮೇಲಿನ ಒಟ್ಟು ಭಾರದಲ್ಲಿ ನೀರಿನ ಒತ್ತಡ ಕಳೆದದ್ದು) ಅಂದ್ರೆ 0.11 ಕೂಡಿಸು 0.0037 ಗುಣಿಸು ಪ್ಲಾಸ್ಟಿಸಿಟಿ ಇಂಡೆಕ್ಸ್. ನಮ್ಮದಕ್ಕೆ 0.25. 3 ಮೀಟರಲ್ಲಿ ಎಫೆಕ್ಟಿವ್ ಭಾರ ಸುಮಾರು 21.8, ಹಂಗಾಗಿ ಸಿಯು 5.5 ಅಷ್ಟೇ ಇರಬೇಕಿತ್ತು. ನಮಗೆ ಬಂದಿರೋದು ನಾಕು ಪಟ್ಟು!

ಗಾಬರಿ ಬೇಡ. ನಮ್ಮ ಕಡೆ ಕೆರೆಗಳು ಬರಗಾಲದಲ್ಲಿ ಪೂರ್ತಿ ಒಣಗ್ತವೆ, ತಳದ ಮಣ್ಣು ಬಿಸಿಲಿಗೆ ಕುಗ್ಗುತ್ತೆ, ಒಳಗಿನ ನೀರು ಎಳೆದು ಹಿಡಿಯೋ ಸಕ್ಷನ್ ಮೇಲೆ ಭಾರ ಇಟ್ಟಷ್ಟೇ ಕೆಲಸ ಮಾಡುತ್ತೆ. ಆಮೇಲೆ ನೀರು ಬಂದು ಮಣ್ಣು ಮೆತ್ತಗಾದ್ರೂ ಆ ಹಳೇ ಒತ್ತಡದ ನೆನಪು ಉಳ್ಕೊಂಡಿರುತ್ತೆ. ಮೆಸ್ರಿ 1975ರಲ್ಲಿ ಕೊಟ್ಟ ಸರಳ ಲೆಕ್ಕದಲ್ಲಿ ಸಿಯು ಅಂದ್ರೆ ಪ್ರೀಕನ್ಸಾಲಿಡೇಶನ್ ಒತ್ತಡದ (ಮಣ್ಣು ಹಿಂದೆ ಕಂಡ ಅತಿ ಹೆಚ್ಚಿನ ಒತ್ತಡ) 0.22 ಪಟ್ಟು, 23.6ಕ್ಕೆ ತಿರುಗಿಸಿ ಹಾಕಿದ್ರೆ 107 ಕಿಲೋಪಾಸ್ಕಲ್. ಈಗ ಅದೇ ಟ್ಯೂಬಿನ ಒಂದು ತುಂಡನ್ನ ಕನ್ಸಾಲಿಡೇಶನ್ ಟೆಸ್ಟಿಗೆ (ಹಂತ ಹಂತವಾಗಿ ಭಾರ ಹಾಕಿ ಎಷ್ಟು ಕುಗ್ಗುತ್ತೆ ಅಂತ ಗ್ರಾಫ್ ತೆಗೆಯೋದು), ಭಾಗ 15, ಹಾಕ್ರಿ. ಗ್ರಾಫ್ ಬಗ್ಗೋ ಜಾಗ ನೂರರ ಹತ್ರ ಬಂದ್ರೆ ಬಲ ನಿಜವಾಗಿ ನೆಲದ್ದು. 30ಕ್ಕೋ 40ಕ್ಕೋ ಬಗ್ಗಿದ್ರೆ ಬಲದ ಸ್ಪೆಸಿಮನ್ ಒಣಗಿತ್ತಾ ಅಂತ ತೇವಾಂಶದ ಡಬ್ಬಿ ಮತ್ತೆ ತೆಗೀರಿ. ಟ್ಯೂಬೇ ಅಲುಗಾಡಿ ಕೆಟ್ಟಿದ್ರೂ ಬಗ್ಗೋ ಜಾಗ ಮಸುಕಾಗಿ ಎಡಕ್ಕೆ ಸರಿಯುತ್ತೆ, ಅದನ್ನೂ ನೆನಪಲ್ಲಿಡ್ರಿ.

ಎಲ್ಲಾ ಹೊಂದಿದ್ರೆ ನಾನು ಈ ಆಳಕ್ಕೆ 22 ಅಂತ ಬರೀತೀನಿ, ಸರಾಸರಿಗಿಂತ ಸ್ವಲ್ಪ ಕೆಳಗೆ. ಸ್ಟ್ರಿಪ್ ಫೂಟಿಂಗಿಗೆ 5.14ರಿಂದ ಗುಣಿಸಿ, ಸೇಫ್ಟಿ 3ರಿಂದ ಭಾಗಿಸಿದ್ರೆ ನೆಲ ಸುರಕ್ಷಿತವಾಗಿ ಹೊರೋ ಭಾರ ಸುಮಾರು 37.7 ಕಿಲೋಪಾಸ್ಕಲ್, ಚದರ ಮೀಟರಿಗೆ 3.8 ಟನ್. ಒಣಗಿದ ಸ್ಪೆಸಿಮನ್ ನಂಬಿದ್ರೆ ಇದೇ ಜಾಗಕ್ಕೆ 6 ಟನ್ ಅಂತ ಹೋಗ್ತಿತ್ತು, ಅದನ್ನ ನಂಬಿ ಒಬ್ಬರು ಸಾಲ ಮಾಡಿ ಮನೆ ಕಟ್ತಿದ್ರು. ಇದು ಬಲದ ಲೆಕ್ಕ ಮಾತ್ರ, ಎರೆ ಮಣ್ಣಿನ ಉಬ್ಬು ಮತ್ತು ಕುಸಿತ ಬೇರೇನೇ ನೋಡಬೇಕು.

ಹೆಜ್ಜೆ 9: ರಿಪೋರ್ಟಲ್ಲಿ ಏನಿರಬೇಕು

ಬರೀ "ಸಿಯು 22" ಅಂತ ಬರೆದು ಕಳಿಸಬೇಡ್ರಿ. ಯಾವ ಟೆಸ್ಟು, ಯಾವ ಆಳ, ಟ್ಯೂಬ್ ಯಾವತ್ತು ತೆಗೆದಿದ್ದು ಯಾವತ್ತು ಬಿಚ್ಚಿದ್ದು, ಟೆಸ್ಟಾದ ತುಂಡಿನದೇ ತೇವಾಂಶ, ಸ್ಯಾಚುರೇಶನ್, ಒಡೆದ ರೀತಿಯ ಫೋಟೋ, ಹೊಳೆಯೋ ಮುಖ ಕಂಡಿತ್ತಾ, ಬೋರ್ ಹಾಕಿದ ತಿಂಗಳು. ತಿಂಗಳು ಯಾಕಂದ್ರೆ ಮೇ ತಿಂಗಳ ಮೇಲ್ಪದರವೂ, ಚಾನಲ್ಲಲ್ಲಿ ನೀರು ಬಿಟ್ಟ ಮೇಲಿನ ಮೇಲ್ಪದರವೂ ಎರಡು ಬೇರೆ ಮಣ್ಣಿದ್ದಂಗೆ. ಬಿಟ್ಟ ನಂಬರ್ ಇದ್ರೆ ಅದನ್ನೂ ಯಾಕೆ ಬಿಟ್ರಿ ಅಂತ ಬರೀರಿ. ಮಿಕ್ಕ ತುಂಡುಗಳನ್ನ ಪ್ಲಾಸ್ಟಿಕ್ ಸುತ್ತಿ, ಮೇಣ ಹಚ್ಚಿ, ಲೇಬಲ್ ಸಮೇತ ನೆರಳಲ್ಲಿ ಒಂದು ತಿಂಗಳಾದ್ರೂ ಇಟ್ಟಿರ್ರಿ, ಡಿಸೈನ್ ಮಾಡೋರು ಫೋನ್ ಮಾಡಿ "ಇನ್ನೊಂದ್ಸಲ ನೋಡ್ತೀರಾ" ಅಂದಾಗ ತೆಗೆದು ನೋಡೋಕೆ ಮಣ್ಣು ಇರಬೇಕು.